ಟವೆಲ್ಲಿನ ಕೆಳಗಿನ ಕೈಗಳು

ತಾಲ್ಲೂಕು ಕಚೇರಿಯ ಜಗಲಿಯಲ್ಲಿ ಟೈಪಿಸ್ಟ್ ಅಡಿವೆಪ್ಪನವರು ಕೆಲಸ ಶುರುಮಾಡುವ ಮುನ್ನ ಕನ್ನಡ ಟೈಪ್‌ರೈಟರಿನ ಕೀಲಿಗಳ ಮೇಲೆ ಒಂದು ಚೌಕಳಿ ಟವೆಲ್ ಹೊದಿಸುತ್ತಿದ್ದರು. ಎರಡೂ ಕೈಗಳನ್ನು ಅದರೊಳಗೆ ತೂರಿಸಿ, ಅರ್ಜಿದಾರರ ಕಡೆ ಮುಖಮಾಡಿ, ತಪ್ಪಿಲ್ಲದೆ ಹೊಡೆಯುತ್ತಿದ್ದರು. ಕೀಲಿ ನೋಡಬಾರದೆಂದು ಅವರ ಗುರುಗಳು ಹಾಗೆ ಬಟ್ಟೆ ಮುಚ್ಚಿ ಕಲಿಸಿದ್ದರಂತೆ. ಪಕ್ಕದಲ್ಲಿ ಕೂತು ಛಾಪಾ ಕಾಗದ ಮಾರುತ್ತಿದ್ದ ನಾನು ಅದನ್ನು ಮುದುಕನ ಒಣ ಜಂಬವೆಂದೇ ತಿಳಿದಿದ್ದೆ.

ಇನ್ನು ಕಂಪ್ಯೂಟರಿನಲ್ಲಿ ಮುದ್ರಿಸಿದ ಅರ್ಜಿ ಮಾತ್ರ ನಡೆಯುತ್ತದೆ ಎಂಬ ಚೀಟಿಯನ್ನು ಒಂದು ದಿನ ಗೋಡೆಗೆ ಅಂಟಿಸಿದರು. ಜಗಲಿಯ ಆ ಮೂಲೆ ಹೋದರೆ ಅಡಿವೆಪ್ಪನವರ ಮನೆಯ ಒಲೆ ಹೊತ್ತುತ್ತಿರಲಿಲ್ಲ. ಅಗ್ಗದ ಲ್ಯಾಪ್‌ಟಾಪ್ ಒಂದನ್ನು ಆರಿಸಿಕೊಡಲು ನನ್ನನ್ನು ಜೊತೆಗೆ ಕರೆದುಕೊಂಡು ಹೋದರು.

ಅಂಗಡಿಯವನು ಮೆಮೊರಿ, ಬ್ಯಾಟರಿ ಎಂದು ಪಾಠ ಒಪ್ಪಿಸತೊಡಗಿದ. ಇವರು ಅದನ್ನು ಕಿವಿಗೇ ಹಾಕಿಕೊಳ್ಳದೆ ಹೆಗಲ ಮೇಲಿನ ಟವೆಲ್ಲನ್ನು ಒಂದೊಂದಕ್ಕೂ ಹೊದಿಸಿ, ಟೈಪಿಂಗ್ ಪರೀಕ್ಷೆಗೆ ಕಲಿತ ಇಂಗ್ಲಿಷ್ ಸಾಲನ್ನು ಹೊಡೆದು ನೋಡಿದರು. ಸಾಲು ಸರಿಯಾಗಿ ಬಂದಿದೆಯೆಂದು ಪ್ರತಿಸಲವೂ ನಾನೇ ಓದಿ ಹೇಳಿದೆ. ಕೊನೆಗೆ ಕೀಲಿ ಗಟ್ಟಿಯಾಗಿದ್ದು ಪರದೆ ಮಂಕಾಗಿದ್ದ, ಯಾರೋ ಬಳಸಿಬಿಟ್ಟ ಒಂದನ್ನು ಒಪ್ಪಿದರು. ದಿನಾ ನೋಡುವ ಪರದೆ, ಇನ್ನೊಂದಿಷ್ಟು ಚೆನ್ನಾಗಿರಲಿ ಎಂದೆ.

"ಪರದಿ ಹೆಂಗಿದ್ರೂ ನಡೀತೈತ್ರಿ" ಅಂದರು.

ಎಂಥ ಜಿಪುಣರಪ್ಪಾ ಎಂದು ದಾರಿಯುದ್ದಕ್ಕೂ ಅವರ ಕಾಲೆಳೆದೆ. ಹಳೆಯ ಟೈಪ್‌ರೈಟರನ್ನು ಗುಜರಿಗೆ ಹೊತ್ತು ಹಾಕಿದವನೂ ನಾನೇ.

ಮರುದಿನ ಜೆರಾಕ್ಸ್ ಅಂಗಡಿಯವನು ಬಂದು ಲ್ಯಾಪ್‌ಟಾಪಿಗೆ ಕನ್ನಡ ಹಾಕಿ, ಪುಟ ತೆರೆದುಕೊಟ್ಟು ಹೋದ. ಬಾಳವ್ವ ಎಂಬಾಕೆ ತನ್ನ ವಿಧವಾ ವೇತನ ನಿಂತುಹೋದ ಕತೆ ಹೇಳುತ್ತಿದ್ದಂತೆ ಟವೆಲ್ಲಿನ ಕೆಳಗೆ ಬೆರಳುಗಳು ಓಡಿದವು. ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ತಂದ ಹಾಳೆಯನ್ನು ಆಕೆ ಕಣ್ಣಿಗೊತ್ತಿಕೊಂಡು ನನ್ನ ಕೈಗಿತ್ತಳು.

"ಒಮ್ಮಿ ಓದಿ ಹೇಳ್ರಿ ಅಣ್ಣಾರ."

ಹಾಳೆಯ ತುಂಬ ಅಕ್ಷರಗಳಿದ್ದವು, ಅವುಗಳಲ್ಲಿ ಒಂದು ಮಾತೂ ಇರಲಿಲ್ಲ. ಇಂಗ್ಲಿಷ್ ಅಕ್ಷರಗಳು ಇಂಗ್ಲಿಷ್ ಟೈಪ್‌ರೈಟರಿನಲ್ಲೂ ಕಂಪ್ಯೂಟರಿನಲ್ಲೂ ಒಂದೇ ಕಡೆ ಇದ್ದರೂ ಕನ್ನಡದವು ಅವರ ಟೈಪ್‌ರೈಟರಿನಲ್ಲಿ ಒಂದು ಕಡೆ, ಇಲ್ಲಿ ಇನ್ನೊಂದು ಕಡೆ ಇದ್ದವು. ಅಂಗಡಿಯಲ್ಲಿ ಕನ್ನಡ ಹೊಡೆದು ನೋಡುವುದು ಇಬ್ಬರಿಗೂ ಹೊಳೆದಿರಲಿಲ್ಲ. ಆದರೂ ಪರದೆ ಎದುರಿಗೇ ಇತ್ತಲ್ಲ? ಇಷ್ಟು ಹೊತ್ತು ಕಾಣಲಿಲ್ಲವೇ ಎಂದು ಕೇಳಿದೆ.

ಅಡಿವೆಪ್ಪನವರು ಟವೆಲ್ಲನ್ನು ನಿಧಾನವಾಗಿ ಮಡಚಿದರು. "ಕಣ್ಣು ಹೋಗಿ ಎರಡು ವರ್ಷಾತ್ರಿ. ಬರೇ ಬೆಳಕು ಕಾಣ್ತೈತಿ. ಆ ಮಷೀನಿಗೆ ಕಣ್ಣು ಬೇಕಾಗಿರ್ಲಿಲ್ಲ."

ಹಳೆಯದನ್ನು ಮರಳಿ ತರೋಣವೆಂದು ಗುಜರಿಗೆ ಓಡಿದೆ. ಅಷ್ಟರಲ್ಲಿ ಅದನ್ನು ಒಡೆದು ಹಾಕಿದ್ದರು. ಮರಳಿ ಬಂದಾಗ ಬಾಳವ್ವ ಬೇರೆ ಕಡೆ ಅರ್ಜಿ ಬರೆಸಲು ಹೋಗಿದ್ದಳು. ಆಮೇಲೆ ಆ ಮೂಲೆಗೆ ಯಾರೂ ಬರಲಿಲ್ಲ.

ಅಡಿವೆಪ್ಪನವರು ಮಾತ್ರ ದಿನಾ ಬರುತ್ತಿದ್ದರು. ಕೀಲಿಗಳ ಹೊಸ ಜಾಗ ಕಲಿಯುತ್ತೇನೆಂದು ತಮ್ಮ ಹೆಸರನ್ನೇ ಮತ್ತೆ ಮತ್ತೆ ಹೊಡೆದು, ಓದಿ ಹೇಳಿರೆಂದು ನನ್ನತ್ತ ತಿರುಗುತ್ತಿದ್ದರು. ನಾನು ಪರದೆಯತ್ತ ಬಗ್ಗಿ ನೋಡುತ್ತಿದ್ದೆ. ಒಂದಕ್ಷರವೂ ಅವರ ಹೆಸರಿನದಾಗಿರುತ್ತಿರಲಿಲ್ಲ.

"ಒಂದ ಅಕ್ಷರ ತಪ್ಪೈತ್ರಿ" ಎನ್ನುತ್ತಿದ್ದೆ.

ಅವರು ತಲೆಯಾಡಿಸಿ, ಟವೆಲ್ ಸರಿಮಾಡಿ, ಕೈಗಳನ್ನು ಮತ್ತೆ ಅದರ ಕೆಳಗೆ ತೂರಿಸುತ್ತಿದ್ದರು.