ಕತಾರೀನಾಗೆ ಹಚ್ಚಿದ ಮೇಣದಬತ್ತಿ

ಪ್ರಾದೇಶಿಕ ಇತಿಹಾಸ ಸ್ಪರ್ಧೆಗೆ ನಮ್ಮ ವಿಶ್ನ್ಯಾ ಆಯ್ಕೆಯಾದ ಸುದ್ದಿ ಬಂದಾಗ ನಾನು ಪೀತಾ ಎಂಬ ಪದರ ತಿಂಡಿಗೆ ಹಿಟ್ಟು ಎಳೆಯುತ್ತಿದ್ದೆ. ಮೇಜಿನ ತುಂಬ ಹರಡಿದ ತೆಳು ಹಾಳೆ. ಕೈ ಬಿಟ್ಟರೆ ಹರಿದುಹೋಗುತ್ತದೆ. ಮಗಳನ್ನು ತಬ್ಬಿಕೊಳ್ಳಲಾಗದೆ ಅವಳ ಹಣೆಗೆ ಹಣೆ ತಾಗಿಸಿದೆ. ಅವಳ ಹುಬ್ಬಿಗೆ ಹಿಟ್ಟು ಮೆತ್ತಿತು.

"ಮುದುಕಿ ಆಗ್ಬಿಟ್ಟೆ ನೋಡು," ಎಂದು ನಕ್ಕರು ನನ್ನ ಅತ್ತೆ ಸಾವ್ಕಾ, ಒಲೆಯ ಪಕ್ಕದ ಕುರ್ಚಿಯಿಂದ. "ನನ್ನ ಕತಾರೀನಾನ ಊರೆಲ್ಲ ಮೆರೆಸ್ತೀಯಾ ಈಗ?"

"ಊರಲ್ಲ ಅಜ್ಜಿ, ಜಿಲ್ಲೆ!"

ಆ ವರ್ಷದ ವಿಷಯ 'ನಮಗಿಂತ ಮೊದಲು ನಮ್ಮ ಮನೆಯಲ್ಲಿದ್ದವರು'. ಬಾನಾತ್ ಎಂಬ ನಮ್ಮ ಈ ಬಯಲುಸೀಮೆಯಲ್ಲಿ ಅದು ಕಾಫಿ ಕುಡಿಯುತ್ತ ಆಡುವ ಮಾತಲ್ಲ. ನಮ್ಮ ಬೀದಿಯ ಮನೆಗಳನ್ನೆಲ್ಲ ಕಟ್ಟಿದವರು ಜರ್ಮನರು. ಯುದ್ಧ ಮುಗಿದಾಗ ಅವರನ್ನು ಓಡಿಸಿದರು, ಬೆಟ್ಟಗಳಲ್ಲಿ ಮನೆ ಸುಟ್ಟುಹೋಗಿದ್ದ ನಮ್ಮವರನ್ನು ರೈಲುಗಳಲ್ಲಿ ತಂದು ಅದೇ ಮನೆಗಳಲ್ಲಿ ಇಳಿಸಿದರು. ಅತ್ತೆ ತಮ್ಮ ತಾಯಿಯ ಲಂಗ ಹಿಡಿದು ಲೀಕಾ ಬೆಟ್ಟಗಳಿಂದ ಇಲ್ಲಿಗೆ ಬಂದಾಗ ಇನ್ನೂ ಹಾಲುಹಲ್ಲು ಬೀಳುವ ವಯಸ್ಸು. ಅಡುಗೆಮನೆಯ ಗೋಡೆಯ ಮೇಲೆ ನೀಲಿ ದಾರದ ಕಸೂತಿ ಬಟ್ಟೆಯೊಂದು ನೇತಾಡುತ್ತಿತ್ತಂತೆ, ಮೂಲೆಯಲ್ಲಿ ಹೊಲಿದವಳ ಹೆಸರು: ಕತಾರೀನಾ.

ಬಂದ ವರ್ಷವೇ ಸತ್ತವರ ಶನಿವಾರ ಬಂತು. ಅಂದು ಎಲ್ಲರೂ ತಮ್ಮವರ ಸಮಾಧಿಗೆ ಬೇಯಿಸಿದ ಗೋಧಿ ಒಯ್ದು ಮೇಣದಬತ್ತಿ ಹಚ್ಚಬೇಕು. ಹೊಸಬರಿಗೆ ಇಲ್ಲಿ ಸಮಾಧಿಗಳೇ ಇರಲಿಲ್ಲ. ತಂದೆ, ಅಣ್ಣಂದಿರು, ಅಜ್ಜಂದಿರು ಎಲ್ಲ ಬೆಟ್ಟದ ಮಣ್ಣಿನಲ್ಲೇ ಉಳಿದಿದ್ದರು. ಅತ್ತೆಯ ತಾಯಿ ಬತ್ತಿ ಹಿಡಿದುಕೊಂಡು ಬೇಲಿಯ ಬಳಿ ನಿಂತಿದ್ದನ್ನು ಕಂಡು ಪಕ್ಕದ ಮನೆಯ ಹಂಗೇರಿಯನ್ ಮುದುಕ ಪಿಷ್ಟಾ ಏನೋ ಅರ್ಥ ಮಾಡಿಕೊಂಡ. ಅವರನ್ನು ಜರ್ಮನರ ಸ್ಮಶಾನಕ್ಕೆ ಕರೆದೊಯ್ದು, "ನಿಮ್ಮ ಮನೆಯ ಹಿರಿಯ ಯಜಮಾನಿ ಕತಾ, ಅಲ್ಲಿ," ಎಂದು ಲಿಂಡನ್ ಮರದ ಕಡೆ ಕೈ ಮಾಡಿ ಹೊರಟುಹೋದ.

ಮರದ ಕೆಳಗೆ ಕಲ್ಲೊಂದು ಅರ್ಧ ನೆಲದೊಳಗೆ ಕುಸಿದಿತ್ತು. ಉಳಿದರ್ಧವನ್ನು ಐವಿ ಬಳ್ಳಿ ಮುಚ್ಚಿತ್ತು. ಮಣ್ಣಿನಿಂದ ಮೇಲೆ ಒಂದು ಕೆತ್ತಿದ ಹೂವಿನ ಅಂಚು ಮಾತ್ರ ಕಾಣುತ್ತಿತ್ತು, ಕಸೂತಿಯ ಹೂವಿನ ಹಾಗೇ. ಅವರಿಗೆ ಅಷ್ಟೇ ಸಾಕಾಯಿತು. "ನಿನ್ನ ಮನೇಲಿದ್ದೀವಿ ತಾಯಿ, ಮುನಿಸ್ಕೋಬೇಡ. ಈ ಬೆಳಕನ್ನ ನಮ್ಮವರಿಗೂ ಮುಟ್ಟಿಸು," ಎಂದು ಅತ್ತೆಯ ತಾಯಿ ಒಬ್ಬೊಬ್ಬರ ಹೆಸರು ಹೇಳಿದರಂತೆ. ಅವರು ತೀರಿಹೋದ ಮೇಲೆ ಅತ್ತೆ ಹೇಳುತ್ತ ಬಂದರು. ಈಗ ಆ ಸಾಲಿನಲ್ಲಿ ತಾಯಿಯ ಹೆಸರೂ ಇದೆ, ನನ್ನ ಮಾವನ ಹೆಸರೂ ಇದೆ. ಅವರಿಬ್ಬರ ಸಮಾಧಿ ಇದೇ ಊರಿನ ನಮ್ಮ ಸ್ಮಶಾನದಲ್ಲಿದ್ದರೂ ಅತ್ತೆ ಮೊದಲು ಹೋಗುವುದು ಕತಾರೀನಾ ಹತ್ತಿರವೇ.

ವಿಶ್ನ್ಯಾ ಬರೆದದ್ದು ಇದನ್ನೇ. ಇತಿಹಾಸದ ಮೇಷ್ಟ್ರು ರೆಲ್ಯಾ ಓದಿ ಕನ್ನಡಕ ಒರೆಸಿಕೊಂಡರಂತೆ. "ಫೋಟೋ ಮಾತ್ರ ಚೆನ್ನಾಗಿಲ್ಲಮ್ಮ. ಬರೀ ಎಲೆ ಕಾಣ್ತಿದೆ. ಕಲ್ಲು ಸ್ವಲ್ಪ ಶುಚಿ ಮಾಡಿ ಹೊಸದು ತೆಗಿ," ಎಂದರು.

ಬಕೆಟ್, ಬ್ರಷ್, ನನ್ನ ತೋಟದ ಕೈಗುದ್ದಲಿ ತೆಗೆದುಕೊಂಡು ಹೋದವಳು ಮೊಣಕಾಲವರೆಗೆ ಮಣ್ಣಾಗಿ ಬಂದಳು. ಊಟಕ್ಕೆ ಕೂರಲಿಲ್ಲ. ಮರುದಿನ ಶಾಲೆಯಿಂದ ಬಂದವಳ ಮುಖ ಇನ್ನೂ ಸಣ್ಣಗಾಗಿತ್ತು. ನಾನು ಕೇಳಲಿಲ್ಲ. ಕೇಳಿದರೆ ಮುಚ್ಚಿಕೊಳ್ಳುವ ಹುಡುಗಿ ಅವಳು. ಪಕ್ಕದಲ್ಲಿ ಕೆಲಸ ಕೊಟ್ಟು ಕೂರಿಸಿಕೊಂಡರೆ ತಾನೇ ಬಿಚ್ಚಿಕೊಳ್ಳುತ್ತಾಳೆ. ಬಟಾಣಿ ಸುಲಿಯಲು ಕೊಟ್ಟೆ. ಅತ್ತೆ ಅಂಗಳದಲ್ಲಿ ಕೋಳಿಗಳನ್ನು ಬೈಯುತ್ತಿದ್ದರು.

"ಅಮ್ಮ, ಅದು ಹೂವಲ್ಲ," ಎಂದಳು ಬಟಾಣಿ ಬುಟ್ಟಿಯನ್ನೇ ನೋಡುತ್ತ. "ಗಾಡಿ ಚಕ್ರ."

ಫೋನು ತೋರಿಸಿದಳು. ಅಗೆದ ಮಣ್ಣಿನ ನಡುವೆ ಪೂರ್ತಿ ಚಕ್ರ, ಅದರ ಕಡ್ಡಿಗಳು, ಕೆಳಗೆ ಹಳೆ ಜರ್ಮನ್ ಅಕ್ಷರಗಳು. ಶಾಲೆಯ ಜರ್ಮನ್ ಟೀಚರ್ ಓದಿಕೊಟ್ಟಿದ್ದರು: ಪೀಟರ್ ವಿಟ್‌ಮನ್, ಗಾಡಿಯ ಚಕ್ರ ಮಾಡುವವನು. ಸತ್ತ ವರ್ಷವೂ ಇತ್ತು. ನಮ್ಮ ಮನೆಯ ಮುಂಗೋಡೆಯ ಮೇಲೆ ಕಟ್ಟಿದ ವರ್ಷ ಕೆತ್ತಿದೆ, ಅದಕ್ಕಿಂತ ಎಷ್ಟೋ ಹಿಂದಿನದು.

ನನ್ನ ಕೈಯಿಂದ ಬಟಾಣಿ ಉರುಳಿ ಒಲೆಯ ಕೆಳಗೆ ಹೋಯಿತು.

"ಗಂಡಸು," ಎಂದೆ.

"ಅಜ್ಜಿಗೆ ಹೇಗೆ ಹೇಳ್ಲಿ? ಇಷ್ಟು ವರ್ಷ ಎಲ್ಲರ ಹೆಸರನ್ನೂ ಅಲ್ಲೇ ಹೇಳಿದ್ದಾಳೆ. ಎಲ್ಲಿಗೂ ಮುಟ್ಟಲೇ ಇಲ್ಲ ಅಂತಂದ್ರೆ?" ಅವಳ ಕಣ್ಣು ತುಂಬಿತು. "ಹಳೆ ಫೋಟೋನೇ ಅಂಟಿಸಿಬಿಡ್ತೀನಿ. ಯಾರಿಗೂ ಗೊತ್ತಾಗಲ್ಲ. ಜರ್ಮನ್ ಟೀಚರ್‌ಗೆ ಯಾವ ಕಲ್ಲು ಅಂತ ಹೇಳಿಲ್ಲ."

ಅಜ್ಜಿಯ ಮೇಲಿನ ಪ್ರೀತಿಗೆ ಸುಳ್ಳು ಹೇಳಲು ಹೊರಟ ಮಗಳನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಒಪ್ಪಲೂ ಆಗಲಿಲ್ಲ. "ನಿನ್ನ ಕೆಲಸ, ನಿನ್ನ ಅಜ್ಜಿ. ನೀನೇ ಯೋಚಿಸು," ಎಂದೆ. "ಆದ್ರೆ ಅವರು ಸ್ಪರ್ಧೆಗೆ ಬರ್ತಾರೆ. ತಲೆಗೆ ಕಟ್ಕೊಳ್ಳೋ ಒಳ್ಳೆ ರುಮಾಲು ಇಸ್ತ್ರಿ ಮಾಡಿಸಿಟ್ಟಿದ್ದಾರೆ."

ಸ್ಪರ್ಧೆ ಪಟ್ಟಣದ ಶಾಲೆಯೊಂದರ ವ್ಯಾಯಾಮ ಕೊಠಡಿಯಲ್ಲಿ. ಬ್ಯಾಸ್ಕೆಟ್‌ಬಾಲ್ ಬುಟ್ಟಿಯ ಕೆಳಗೆ ತೀರ್ಪುಗಾರರ ಮೇಜು. ಅತ್ತೆ ಮೊದಲ ಸಾಲಿನಲ್ಲಿ ಕುಳಿತು, ತೊಡೆಯ ಮೇಲಿನ ಚೀಲದಿಂದ ಪೀತಾದ ತುಂಡುಗಳನ್ನು ಆಚೀಚೆ ಕೂತವರಿಗೆಲ್ಲ ಹಂಚಿದರು. "ತಿನ್ನಿ, ತಿನ್ನಿ. ನನ್ನ ಮೊಮ್ಮಗಳು ಗೆಲ್ಲೋದನ್ನ ಹಸಿದ ಹೊಟ್ಟೇಲಿ ನೋಡ್ಬೇಡಿ."

ವಿಶ್ನ್ಯಾಳ ಹಲಗೆಯ ಮೇಲೆ ಹಳೆಯ ಫೋಟೋವೇ ಇತ್ತು. ಅವಳು ಕಸೂತಿಯ ಬಗ್ಗೆ, ರೈಲಿನ ಬಗ್ಗೆ, ಪಿಷ್ಟಾನ ಬಗ್ಗೆ ಸ್ಪಷ್ಟವಾಗಿ ಹೇಳಿದಳು. ಸಮಾಧಿಯ ಮಾತಿಗೆ ಬಂದಾಗ ದನಿ ತೆಳುವಾಯಿತು. ಮುಗಿದ ಮೇಲೆ ತೀರ್ಪುಗಾರರಲ್ಲಿ ಒಬ್ಬರು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದ ಹೆಂಗಸು, ಮೆಲ್ಲಗೆ ಕೇಳಿದರು: "ಚೆನ್ನಾಗಿದೆ ಮಗು. ಸಮಾಧಿ ಕತಾರೀನಾದೇ ಅಂತ ಹೇಗೆ ಖಾತ್ರಿ ಮಾಡ್ಕೊಂಡೆ?"

ವಿಶ್ನ್ಯಾ ಅಜ್ಜಿಯ ಕಡೆ ನೋಡಿದಳು. ಅತ್ತೆ 'ಹೇಳು, ಹೇಳು' ಎಂಬಂತೆ ಗಲ್ಲ ಮುಂದೆ ಮಾಡಿದರು.

"ಅದು ಅವಳದಲ್ಲ," ಎಂದಳು ವಿಶ್ನ್ಯಾ.

"ಏನಂದೆ?" ಅತ್ತೆ ಎದ್ದೇ ನಿಂತರು.

"ಅಜ್ಜಿ, ಅದು ಪೀಟರ್ ಅನ್ನೋನದು. ಗಾಡಿ ಚಕ್ರ ಮಾಡ್ತಿದ್ದೋನು. ನೀನು ನೋಡ್ತಿದ್ದಿದ್ದು ಹೂವಲ್ಲ, ಚಕ್ರ. ಅಗೆದಾಗ ಗೊತ್ತಾಯ್ತು. ಆಮೇಲೂ ಹಳೆ ಫೋಟೋ ಹಾಕಿದೆ. ತಪ್ಪಾಯ್ತು."

ಆ 'ತಪ್ಪಾಯ್ತು' ತೀರ್ಪುಗಾರರ ಕಡೆ ತಿರುಗಿ ಹೇಳಿದ್ದು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಅತ್ತೆ ಅತ್ತ ತಿರುಗಿ, "ನನ್ನ ಪೀತಾ ತಿಂದು ನನಗೇ ನಗ್ತೀಯಾ?" ಎಂದರು, ಆಮೇಲೆ ಮೆಲ್ಲಗೆ ಕುಳಿತರು. ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು.

ವಿಶ್ನ್ಯಾ ಮುಂದಿನ ಹಂತಕ್ಕೆ ಹೋಗಲಿಲ್ಲ. ಗೊತ್ತಿದ್ದೂ ತಿದ್ದದೆ ತಂದದ್ದು ಸರಿಯಲ್ಲ ಎಂದರು, ನ್ಯಾಯವಾಗಿಯೇ. ಕನ್ನಡಕದ ಹೆಂಗಸು ಮಾತ್ರ ಹೊರಗೆ ಬಂದು ಅವಳ ಭುಜ ಮುಟ್ಟಿ, "ಬಾಗಿಲು ತೆರೆದಿದೆ, ಇನ್ನೊಂದ್ಸಲ ಬಾ," ಎಂದರು.

ಬಸ್ಸಿನಲ್ಲಿ ಮೂವರೂ ಹಿಂದಿನ ಸೀಟಿನಲ್ಲಿ ಕುಳಿತೆವು. ಕಿಟಕಿಯಾಚೆ ಸಾಸಿವೆ ಹೂವಿನಂಥ ಹಳದಿ ಹೊಲಗಳು. ಅತ್ತೆ ಚೀಲವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದರು.

"ಹಾಗಾದ್ರೆ," ಎಂದರು ಕೊನೆಗೆ, "ನಾನು ಹೇಳಿ ಕಳಿಸಿದ್ದೆಲ್ಲ? ಅಮ್ಮ ಹೇಳಿ ಕಳಿಸಿದ್ದು? ಎಲ್ಲಿಗೆ ಹೋಯ್ತು?"

ವಿಶ್ನ್ಯಾ ಅಜ್ಜಿಯ ತೋಳಿಗೆ ತಲೆ ಇಟ್ಟಳು.

"ಅವನು ಗಾಡಿ ಕೆಲಸದೋನಲ್ವಾ ಅಜ್ಜಿ. ಗಾಡೀಲಿ ಹಾಕ್ಕೊಂಡು ಮುಟ್ಟಿಸಿರ್ತಾನೆ."

ಅತ್ತೆ ಅವಳನ್ನು ಓರೆಗಣ್ಣಿನಲ್ಲಿ ನೋಡಿದರು. "ಲೀಕಾದವರೆಗೂನಾ? ಆ ಏರು ನೋಡಿದೀಯಾ ನೀನು?"

"ಒಳ್ಳೆ ಚಕ್ರ ಮಾಡಿರ್ತಾನೆ."

ಅತ್ತೆಯ ಹೊಟ್ಟೆ ಕುಲುಕಿತು. ನಗುವೋ ಅಳುವೋ, ಎರಡೂ ಇದ್ದಿರಬೇಕು. ರುಮಾಲಿನ ತುದಿಯಿಂದ ಕಣ್ಣೊತ್ತಿಕೊಂಡು ಕೇಳಿದರು: "ಅವನಿಗೆ ಯಾರಾದ್ರೂ ಇದ್ರಾ? ಹೆಂಡ್ತಿ, ಮಕ್ಕಳು?"

"ಕಲ್ಲಿನ ಮೇಲೆ ಅವನೊಬ್ಬನೇ."

"ಹಾಗಾದ್ರೆ ಹಚ್ಚಿದ ಬತ್ತಿ ವ್ಯರ್ಥ ಆಗಿಲ್ಲ ಬಿಡು." ಕಿಟಕಿಯತ್ತ ತಿರುಗಿ, "ಆದ್ರೆ ಕತಾರೀನಾ... ಅವಳ ಮನೇಲಿದ್ದೂ ಒಂದು ಬತ್ತಿ ಹಚ್ಚಲಿಲ್ವಲ್ಲೇ ನಾವು."

ಜೂನ್ ತಿಂಗಳ ಸತ್ತವರ ಶನಿವಾರ ಬೆಳಗ್ಗೆ ನಾನು ಗೋಧಿ ಬೇಯಿಸಿ, ಸಕ್ಕರೆ, ಅಕ್ರೋಟು ಬೆರೆಸಿ ಇಳಿಸುವಷ್ಟರಲ್ಲಿ ಅತ್ತೆ ತಯಾರಾಗಿದ್ದರು. ಕೈಯಲ್ಲಿ ನನ್ನ ಕೈಗುದ್ದಲಿ. ವಿಶ್ನ್ಯಾಳಿಗೆ ಬಕೆಟ್ಟು.

"ಪಿಷ್ಟಾ ಮರದ ಕಡೆ ಕೈ ಮಾಡಿದ್ದಷ್ಟೇ. ಮರದ ಈಚೆಯೋ ಆಚೆಯೋ ಹೇಳಲಿಲ್ಲ," ಎಂದರು ಅತ್ತೆ. "ಆ ಸಾಲು ಪೂರ್ತಿ ತೊಳೆಯೋಣ. ನೀನು ಓದು."

ಆ ದಿನ ನಾಲ್ಕೈದು ಕಲ್ಲುಗಳಷ್ಟೇ ಆದವು. ಒಬ್ಬ ನೇಕಾರ, ಇಬ್ಬರು ಅಕ್ಕತಂಗಿಯರು, ಹೆಸರೇ ಸವೆದ ಒಂದು. ಕತಾರೀನಾ ಇನ್ನೂ ಸಿಗಲಿಲ್ಲ. ಹೆಸರು ಸಿಕ್ಕವರಿಗೆಲ್ಲ ಒಂದೊಂದು ಬತ್ತಿ ಎಂದು ಅತ್ತೆ ತೀರ್ಮಾನಿಸಿದ್ದರಿಂದ ತಂದ ಬತ್ತಿಗಳು ಮುಗಿದವು. ವಿಶ್ನ್ಯಾಳನ್ನು ಮತ್ತೆ ಅಂಗಡಿಗೆ ಓಡಿಸಿದೆವು.

ಅವಳು ಬರುವವರೆಗೆ ಅತ್ತೆ ಪೀಟರ್‌ನ ಕಲ್ಲಿನ ಬಳಿ ಕುಳಿತರು. ಪ್ರತಿ ಸಲವೂ ಅಲ್ಲಿ ಕತಾರೀನಾಗೆಂದು ಸಿಹಿ ಕಾಫಿ ಸುರಿಯುತ್ತಿದ್ದವರು ಇವತ್ತು ಚೀಲದಿಂದ ಪ್ಲಮ್ ಹಣ್ಣಿನ ಸಾರಾಯಿಯ ಚಿಕ್ಕ ಸೀಸೆ ತೆಗೆದರು. ಚಕ್ರದ ಮೇಲೆ ಒಂದಿಷ್ಟು ಸುರಿದು, ನನ್ನತ್ತ ನೋಡದೆಯೇ ಹೇಳಿದರು:

"ಪಾಪ, ಇಷ್ಟು ವರ್ಷ ಸಕ್ಕರೆ ಕಾಫಿ ಕುಡಿಸಿದ್ದೀನಿ. ಒಂದು ಮಾತಾಡಲಿಲ್ಲ ನೋಡು ಮನುಷ್ಯ."

ಆಮೇಲೆ ಕಲ್ಲಿನ ಹತ್ತಿರ ಬಾಗಿ, ಎಂದಿನಂತೆ ತಮ್ಮವರ ಹೆಸರುಗಳನ್ನು ಹೇಳತೊಡಗಿದರು.