ಇಲ್ಲದ ನದಿಯ ದೋಣಿ

ಆ ದಿನ ನನಗೆ ಬಂದ ಕೋಪದ ಝಳಕ್ಕೆ ಹಗ್ಗದ ಮೇಲಿದ್ದ ಆಸ್ಪತ್ರೆಯ ಹಾಸುಬಟ್ಟೆಗಳೆಲ್ಲ ಕಣ್ಣುಮುಚ್ಚಿ ತೆರೆಯುವಷ್ಟರಲ್ಲಿ ಒಣಗಿ, ತಾವೇ ಮಡಿಚಿಕೊಂಡು ಲಾರಿ ಹತ್ತಿದವು. ಬಾಯ್ಲರ್ ನಾಚಿಕೊಂಡು ತಣ್ಣಗಾಯಿತು. ನಂಬುವವರು ನಂಬಿ.

ಕೋಪ ಬರದೆ ಇನ್ನೇನು? ನಮ್ಮ ಲಾಂಡ್ರಿಯ ಹಿತ್ತಲಲ್ಲಿ ಚಹಾದ ಬಿಡುವಿಗೆ ವಾಲಿಬಾಲ್ ನಡೆಯುತ್ತಿತ್ತು. ದಿನವಿಡೀ ಹಬೆಯಲ್ಲಿ ಬೆಂದ ಮೈಗೆ ಸಿಗುತ್ತಿದ್ದ ಗಾಳಿ ಅದೊಂದೇ. ಯಜಮಾನರು ಅಲ್ಲಿ ಗೋದಾಮು ಎಬ್ಬಿಸುತ್ತೇನೆಂದು ನೆಟ್ ಬಿಚ್ಚಿಸಿದರು. ಬದಲಿಗೆ ಗುಂಡಿ ಹೊಲಿಯುವ ಕೋಣೆಯನ್ನು ಖಾಲಿ ಮಾಡಿಸಿ ಒಂದು ವರ್ಚುವಲ್ ರಿಯಾಲಿಟಿ ಯಂತ್ರ ತಂದಿಟ್ಟರು. ಕಣ್ಣಿಗೆ ಪೆಟ್ಟಿಗೆ ಕಟ್ಟಿಕೊಂಡು, ಕೈಗೊಂದು ಹಿಡಿಕೆ ಹಿಡಿದು, ಇಲ್ಲದ ನದಿಯಲ್ಲಿ ಇಲ್ಲದ ದೋಣಿಗೆ ಹುಟ್ಟು ಹಾಕಬೇಕಂತೆ. ವ್ಯಾಯಾಮಕ್ಕೆ ವ್ಯಾಯಾಮ, ಮನಸ್ಸೂ ಹಗುರ ಎಂದು ಅವರ ಭಾಷಣ. ಮುಗಿದ ಮೇಲೆ ಖುಷಿಯಾಯಿತೇ ಎಂದು ಯಂತ್ರವೇ ವಿಚಾರಿಸುತ್ತದಂತೆ. ನಮ್ಮ ಸುಖದುಃಖ ಕೇಳಲು ಇದು ಯಾವ ಸೀಮೆಯ ನೆಂಟ?

ಇಸ್ತ್ರಿ ಮೇಜುಗಳ ಮೇಲ್ವಿಚಾರಕಿ ನನ್ನ ಅತ್ತಿಗೆ. ಅಣ್ಣನನ್ನೂ ಇಸ್ತ್ರಿ ಮಾಡಿಯೇ ಮನೆಯಿಂದ ಹೊರಗೆ ಕಳಿಸುವ ಹೆಂಗಸು. ಅವರು ಯಜಮಾನರನ್ನು ಮಾತಿನಲ್ಲಿ ಕಟ್ಟಿಹಾಕಿದರು: ತಿಂಗಳು ಮುಗಿಯುವವರೆಗೂ ಆ ಯಂತ್ರ ಯಾರಿಗೂ ಹಿಡಿಸದಿದ್ದರೆ ಹಿತ್ತಲು ನಮಗೆ ವಾಪಸ್. ನನಗೆ ಅಷ್ಟು ಸಾಕಾಯಿತು. ಒಗೆಯುವ ಡ್ರಮ್ಮಿನ ಮೇಲೆ ಹತ್ತಿ ಗುಡುಗಿದೆ. ಪಕ್ಕದ ಬೀದಿಯ ಕಿಟಕಿ ಗಾಜುಗಳು ಉದುರಿದವು. ಆ ಪೆಟ್ಟಿಗೆ ಮುಟ್ಟಿದವನು ನಮ್ಮ ಬೆವರಿಗೆ ದ್ರೋಹ ಬಗೆದಂತೆ ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು, ಡ್ರಮ್ಮುಗಳೂ ತಟ್ಟಿದವು.

ಆದರೆ ಶತ್ರುವಿನ ಬಲ ಅಳೆಯದೆ ಯುದ್ಧಕ್ಕಿಳಿಯುವುದು ಹೇಗೆ? ಹಾಗಾಗಿ ಉಳಿದವರು ಊಟಕ್ಕೆ ಕುಳಿತಾಗ ನಾನು ಆ ಕೋಣೆಗೆ ಹೋಗಿ ಪೆಟ್ಟಿಗೆಯನ್ನು ಪರೀಕ್ಷಿಸುತ್ತಿದ್ದೆ. ಪರೀಕ್ಷೆ ಕಟ್ಟುನಿಟ್ಟಾಗಿರಬೇಕಲ್ಲ, ದಿನವೂ ಮಾಡಿದೆ. ಒಂದು ಮಧ್ಯಾಹ್ನ ಸಮುದ್ರದಷ್ಟು ಅಗಲದ ನದಿಯಲ್ಲಿ, ಮುಂದಿದ್ದ ದೋಣಿಗಳನ್ನೆಲ್ಲ ಹಿಂದೆ ಹಾಕಿ ಸಿಳ್ಳೆ ಹೊಡೆಯುತ್ತಾ ಹೊರಟಿದ್ದೆ. ಆ ಸಿಳ್ಳೆ ಊಟದ ಕೋಣೆಗೂ ಕೇಳಿಸಿತಂತೆ. ಕಣ್ಣು ಕಟ್ಟಿಕೊಂಡವನಿಗೆ ಬಾಗಿಲು ತೆರೆದದ್ದು ಕಾಣುವುದಾದರೂ ಹೇಗೆ? ಖುಷಿಯಾಯಿತೇ ಎಂದು ಯಂತ್ರ ಕೇಳಿತು.

"ಸ್ವರ್ಗ ಕಣಪ್ಪಾ, ಸ್ವರ್ಗ" ಎಂದೆ.

ಯಾರೋ ಪೆಟ್ಟಿಗೆ ಎತ್ತಿದರು. ಎದುರಿಗೆ ಅತ್ತಿಗೆ, ಅವರ ಬೆನ್ನಿಗೆ ಇಡೀ ಲಾಂಡ್ರಿ, ಎಲ್ಲರ ಹಿಂದೆ ಯಜಮಾನರ ನಗುಮುಖ. ನಾಳೆಯೇ ಗೋದಾಮಿನ ಪಾಯ ತೋಡಿಸುತ್ತೇನೆಂದು ಹೇಳಿ ಅವರು ಹೊರಟೇಹೋದರು.

ಯಂತ್ರವನ್ನು ಒಳಗಿಂದಲೇ ಕೆಡಿಸಲು ಹೊಂಚು ಹಾಕಿದ್ದೆ ಎಂದು ನಾನು ಶುರು ಮಾಡಿದೆ. ಅತ್ತಿಗೆ ಕೈಯೆತ್ತಿ ತಡೆದರು.

"ಮೈದುನರೇ, ಇಷ್ಟು ಜನರ ಹಿತ್ತಲು ಕಳೆದ್ರಿ. ಈಗ್ಲಾದ್ರೂ ಒಂದು ನಿಜ ಬರ್ಲಿ ಬಾಯಿಂದ."

ಮೈಯೆಲ್ಲ ಬೆವರು. ಹಿಡಿಕೆ ಇನ್ನೂ ಕೈಯಲ್ಲೇ ಇತ್ತು. ಈ ಸಲ ಬಂದ ಸಿಟ್ಟಿಗೆ ಒಂದು ಕರವಸ್ತ್ರವೂ ಒಣಗಲಿಲ್ಲ.

"ನಿಜಾನೇ ಹೇಳ್ತೀನಿ ಅತ್ತಿಗೆ. ಹಿತ್ತಲಲ್ಲಿ ಒಂದು ದಿನಾನಾದ್ರೂ ನನ್ನನ್ನ ಆಟಕ್ಕೆ ಸೇರಿಸಿದ್ರಾ? ಗೋಡೆ ದಾಟಿದ ಚೆಂಡು ತರೋಕೆ ಮಾತ್ರ ನಾನು ಬೇಕಾಗಿತ್ತು. ಇಲ್ಲಿ ನಾನೂ ಆಡಿದೆ. ಮಜಾ ಬಂತು."