ಬಟನ್ ಇಲ್ಲದ ಪಿಯಾನೋ

ಅತ್ತೆಯ ಬಲಗೈ ಹೇಳಿದ ಮಾತು ಕೇಳುತ್ತಿತ್ತು. ಎಡಗೈ ಮಾತ್ರ ಪಾಲು ಕೇಳಲು ಬಂದ ದಾಯಾದಿಯ ಹಾಗೆ, ಕರೆದಾಗ ಬಾರದೆ, ಬೇಡವೆಂದಾಗ ನಡುವೆ ಬಾಯಿ ಹಾಕುತ್ತಿತ್ತು. ಲಾಂಡ್ರಿಯಲ್ಲಿ ಇಷ್ಟು ವರ್ಷ ಹಬೆಯ ಇಸ್ತ್ರಿ ಹಿಡಿದದ್ದು ಬಲಗೈ. ಎಡಗೈಗಿದ್ದ ಕೆಲಸವೆಂದರೆ ಬಟ್ಟೆಯ ಸುಕ್ಕು ಎಳೆದು ಹಿಡಿಯುವುದು, ಅಷ್ಟೆ. ಅಂಥ ಕೈಯನ್ನು ತಲೆ ನರೆತ ಮೇಲೆ ಕೂರಿಸಿಕೊಂಡು ಪಿಯಾನೋ ಪಾಠ ಹೇಳಿದರೆ ಅದಾದರೂ ಏನು ಮಾಡೀತು!

ಅವಳು ಆ ಮನೆಯ ಹುಡುಗಿಗೆ ಅತ್ತೆ, ಅಂದರೆ ಅಪ್ಪನ ತಂಗಿ. ಮದುವೆ ಯಾಕೋ ಕೂಡಿಬರಲಿಲ್ಲ, ಅಣ್ಣನ ಮನೆಯಲ್ಲೇ ಉಳಿದುಕೊಂಡಳು. ಹುಡುಗಿ ಕರೆದದ್ದನ್ನೇ ಬೀದಿಯವರೂ ಕರೆದು, ಕೊನೆಗೆ ಲಾಂಡ್ರಿಯ ಯಜಮಾನನಿಗೂ ಅವಳು ಅತ್ತೆಯೇ ಆಗಿಬಿಟ್ಟಳು.

ಎದುರು ಮನೆಯವರು ಊರು ಬಿಡುವಾಗ ಗೋಡೆಗೆ ಒರಗಿಸಿ ಹೋದ ಎಲೆಕ್ಟ್ರಿಕ್ ಕೀಬೋರ್ಡು ಅವಳ ಪಾಲಿಗೆ ಬಂದಿತ್ತು. ಫೋನನ್ನು ಸಕ್ಕರೆ ಡಬ್ಬಿಗೆ ಆನಿಸಿ ನಿಲ್ಲಿಸುತ್ತಿದ್ದಳು. ಅದರಲ್ಲೊಂದು ಆ್ಯಪ್. ಬಣ್ಣದ ಪಟ್ಟಿಗಳು ಮೇಲಿನಿಂದ ಇಳಿದು ಬರುತ್ತಿದ್ದವು. ಕೀಬೋರ್ಡಿನ ಸರಿಯಾದ ಮನೆ, ಅಂದರೆ ಕೀ, ಒತ್ತಿದರೆ ಹಸಿರು, ತಪ್ಪಿದರೆ ಕೆಂಪು. ಪಕ್ಕದಲ್ಲಿ ಹಳೆಯ ಪುಸ್ತಕ. ಅದು ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುತ್ತಿದ್ದುದರಿಂದ ಎರಡೂ ಕಡೆಗೆ ಬಟ್ಟೆ ಒಣಹಾಕುವ ಕ್ಲಿಪ್ಪು ಸಿಕ್ಕಿಸಿದ್ದಳು. ಪುಸ್ತಕದ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಬೇಕಾಗುತ್ತಿತ್ತು. ಯಾವ ಸ್ವರಕ್ಕೆ ಯಾವ ಬೆರಳು ಎಂದು ಹಾಕಿದ ನಂಬರುಗಳು ಮಾತ್ರ ಬೇಗ ಹಿಡಿದವು.

"ಶುರುವಾಯ್ತು ನೋಡಿ. ನಿಮ್ಮ ತಂಗಿಗೆ ಹೇಳಿ, ಈ ಟಿಣ್ ಟಿಣ್‌ಗೆ ಒಲೆ ಮೇಲಿನ ಹಾಲು ಒಡೀತದೆ ಅಂತ," ಎಂದು ಅತ್ತಿಗೆ ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

"ಹಾಲೇನೂ ಒಡೆಯಲ್ಲ ಬಿಡೆ. ಒಡೆಯೋದು ನನ್ನ ತಲೆ," ಎಂದು ಅಣ್ಣ ಮಗ್ಗುಲು ಬದಲಿಸುತ್ತಿದ್ದ.

ಅತ್ತೆ ಯಾರ ಮಾತಿಗೂ ಎದುರಾಡುತ್ತಿರಲಿಲ್ಲ. ದಾರದ ಸಿಕ್ಕು ಬಿಡಿಸುವವಳ ತಾಳ್ಮೆ ಅವಳದು. ಒಂದು ಸಾಲು ಬರುವವರೆಗೆ ಮುಂದಿನ ಸಾಲಿನ ಕಡೆ ಕಣ್ಣೆತ್ತುತ್ತಿರಲಿಲ್ಲ. ಹಾಗೆ ಹಾಗೆಯೇ, ಯಾರಿಗೂ ತಿಳಿಯದಂತೆ, ಪುಸ್ತಕದ ಕೊನೆಯ ಹಾಡುಗಳು ಅವಳ ಕೈಗೆ ಬಂದವು. ಅವಳು ನುಡಿಸುವಾಗ ಹುಡುಗಿ ಬಾಗಿಲಿಗೆ ಒರಗಿ ಹಾಡುವುದೂ ರೂಢಿಯಾಯಿತು.

ಹುಡುಗಿಗೆ ಕಂಠವಿತ್ತು. ದೊಡ್ಡ ಸಂಗೀತ ಶಾಲೆಯೊಂದು ಮಕ್ಕಳನ್ನು ಆರಿಸಿಕೊಳ್ಳುತ್ತದೆ ಎಂಬ ಸುದ್ದಿ ಬಂದಾಗ ಮನೆಯಲ್ಲಿ ಎಲ್ಲರ ಮುಖವೂ ಅರಳಿತು. ಜೊತೆಗೆ ಪಿಯಾನೋ ನುಡಿಸುವವರನ್ನು ತಾವೇ ಕರೆತರಬೇಕು, ರೆಕಾರ್ಡು ನಡೆಯುವುದಿಲ್ಲ ಎಂದು ಅವರ ನಿಯಮ.

"ಬೀದಿ ಕೊನೆ ಮೇಷ್ಟ್ರನ್ನ ಕೇಳೋಣ. ಅವರು ಪದ್ಧತಿಪ್ರಕಾರ ಕಲಿತವರು," ಎಂದಳು ಅತ್ತಿಗೆ.

"ನಾನು ನುಡಿಸ್ತೀನಿ," ಎಂದಳು ಅತ್ತೆ. ಮಾತು ಬಾಯಿಂದ ಜಾರಿದ ಮೇಲೆ ಅವಳಿಗೇ ಗಾಬರಿಯಾಯಿತು.

"ಏನಮ್ಮಾ, ತಮಾಷೆ ಮಾಡ್ತಿದ್ದೀಯಾ? ಮುಂದಿನ ವರ್ಷಕ್ಕೆ ಇವಳಿಗೆ ವಯಸ್ಸು ಮೀರುತ್ತೆ. ಇರೋದು ಇದೊಂದೇ ಸಲ," ಎಂದಳು ಅತ್ತಿಗೆ.

"ಅತ್ತೇನೇ ನುಡಿಸ್ಲಿ ಅಮ್ಮ," ಎಂದಳು ಹುಡುಗಿ. "ನಾನೆಲ್ಲಿ ಉಸಿರು ತಗೋತೀನಿ ಅಂತ ಮೇಷ್ಟ್ರಿಗೇನು ಗೊತ್ತು?"

ಅತ್ತಿಗೆ ಸೌಟು ಕೆಳಗಿಟ್ಟು ನಾದಿನಿಯನ್ನೇ ನೋಡಿದಳು. "ಆಯ್ತು. ಆದರೆ ನಿನ್ನಿಂದ ನನ್ನ ಮಗಳಿಗೆ ಏನಾದರೂ ಎಡವಟ್ಟಾಯ್ತೋ, ಆಮೇಲೆ ಈ ಮನೇಲಿ ನಿನ್ನ ಮುಖ ನಾನು ನೋಡಲ್ಲ."

ಅದು ಬೆದರಿಕೆಯ ಮಾತಾಗಿರಲಿಲ್ಲ, ಹೆದರಿಕೆಯ ಮಾತು. ಅತ್ತೆಗೂ ಅದು ತಿಳಿಯಿತು. ತಿಳಿದದ್ದರಿಂದಲೇ ಎದೆಯ ಮೇಲೆ ಕಲ್ಲಿಟ್ಟ ಹಾಗಾಯಿತು.

ಆರಿಸಿದ ಹಾಡಿನ ಮೊದಲರ್ಧ ಸಮನೆಲ, ನಡುವೆ ಪಿಯಾನೋ ಒಂದೇ ನುಡಿಯುವ ಒಂದು ತುಂಡು, ಅಲ್ಲಿಂದಾಚೆ ಏರು. ಆ ಏರಿನ ತುದಿಯಲ್ಲಿ ಹುಡುಗಿಯ ದನಿ ಹಳೆಯ ಬಟ್ಟೆಯಂತೆ ಪರ್ರನೆ ಹರಿಯುತ್ತಿತ್ತು. ಎಷ್ಟು ಸಲ ಹಾಡಿದರೂ ಅಲ್ಲಿಗೆ ಬಂದಾಗ ಅದೇ ಕಥೆ. "ತುಂಬಾ ಮೇಲಿದೆ ಅತ್ತೆ, ಎಟುಕಲ್ಲ," ಎಂದು ಹುಡುಗಿ ಕಣ್ಣಲ್ಲಿ ನೀರು ತಂದುಕೊಂಡಳು.

ಅತ್ತೆ ಕೀಬೋರ್ಡಿನ ಮೇಲಿದ್ದ ಸಣ್ಣ ಸಣ್ಣ ಬಟನ್‌ಗಳನ್ನು ಒಂದೊಂದಾಗಿ ಒತ್ತುತ್ತ ಹೋದಳು. ಒಂದು ಡೋಲು ಬಡಿಯಿತು, ಒಂದು ಹಕ್ಕಿಯಂತೆ ಕೂಗಿತು. ಕೆಳಮುಖ ಬಾಣದ ಒಂದು ಬಟನ್ ಒತ್ತಿದಾಗ ಮಾತ್ರ ಸೋಜಿಗ ನಡೆಯಿತು. ಬೆರಳು ಇದ್ದಲ್ಲೇ ಇತ್ತು, ಶ್ರುತಿ ಕೆಳಗಿಳಿದಿತ್ತು! ಹುಡುಗಿಯ ದನಿಗೆ ಹಿತವಾಗುವವರೆಗೆ ಅದನ್ನು ಒತ್ತಿದಳು. ಈಗ ಹುಡುಗಿ ಏರಿನ ತುದಿಯನ್ನು ಹೂ ಕಿತ್ತ ಹಾಗೆ ಮುಟ್ಟಿಬಂದಳು.

ಆ್ಯಪ್ ಮಾತ್ರ ಒಪ್ಪಲಿಲ್ಲ. ಯಾವ ಮನೆ ಒತ್ತಿದರೂ ಕೆಂಪು. "ಇದರ ಕಿವಿ ಕೆಟ್ಟಿದೆ," ಎಂದು ಅತ್ತೆ ಫೋನನ್ನು ಮಗುಚಿ ಹಾಕಿದಳು.

"ಅಲ್ಲಿ ದೊಡ್ಡ ಪಿಯಾನೋ ಇರುತ್ತಂತೆ, ಅತ್ತೆ."

"ದೊಡ್ಡದರಲ್ಲಿ ಬಟನ್ನೂ ದೊಡ್ಡದಿರುತ್ತೆ ಬಿಡು. ನನ್ನ ಕಣ್ಣಿಗೂ ಒಳ್ಳೇದಾಯ್ತು."

ಅವಳು ಹುಟ್ಟಿದಾಗಿನಿಂದ ನಿಜವಾದ ಪಿಯಾನೋದ ಹತ್ತಿರ ಸುಳಿದವಳಲ್ಲ.

ಆಯ್ಕೆಯ ದಿನ ಅಣ್ಣ ಕೆಲಸದ ಮೇಲೆ ಹೋಗಿದ್ದ. ಶಾಲೆಯ ಉದ್ದನೆಯ ಪಡಸಾಲೆಯಲ್ಲಿ ಇವರು ಮೂವರೇ ಒಂದು ಬೆಂಚಿನ ಮೇಲೆ ಕೂತರು. ಅತ್ತಿಗೆ ಮಗಳ ಕಾಲರನ್ನು ಸರಿಪಡಿಸಿದ್ದೇ ಸರಿಪಡಿಸಿದ್ದು. ಅದನ್ನು ಬೆಳಿಗ್ಗೆ ಅತ್ತೆ ಇಸ್ತ್ರಿ ಮಾಡಿದ್ದಳು, ಸರಿಪಡಿಸಲು ಅದರಲ್ಲಿ ಏನೂ ಇರಲಿಲ್ಲ. ಮುಚ್ಚಿದ ಬಾಗಿಲಿನಾಚೆ ಯಾರೋ ಹಾಡುತ್ತಿದ್ದರು. ಹೊರಬಂದ ಹುಡುಗನೊಬ್ಬ ಯಾರ ಮುಖವನ್ನೂ ನೋಡದೆ ಮೆಟ್ಟಿಲಿಳಿದು ಹೋದ.

"ಗುಮಾಸ್ತರೇ, ಅವನೇನಾದ?" ಎಂದು ಅತ್ತಿಗೆ ಬಾಗಿಲ ಬಳಿ ನಿಂತವನನ್ನು ಕೇಳಿದಳು.

"ಕಾಯೋಕೆ ಹೇಳಿ, ಮತ್ತೆ ಒಳಗೆ ಕರೆದರೆ ಉಂಟು ಅಂತ. ಕರೀದಿದ್ರೆ ಮನೆಗೆ. ಮುಂದಿನವರು, ಬನ್ನಿ."

ಮುಂದಿನವರು ಇವರೇ. ನುಡಿಸುವವರನ್ನು ಬಿಟ್ಟರೆ ಮನೆಯವರಿಗೆ ಒಳಗೆ ಪ್ರವೇಶವಿರಲಿಲ್ಲ. ಅತ್ತಿಗೆ ಬೆಂಚಿನಿಂದ ಅರ್ಧ ಎದ್ದು, ಹಾಗೆಯೇ ನಿಂತಳು.

ಪಿಯಾನೋ ಕಪ್ಪಗೆ, ಕೊಟ್ಟಿಗೆಯಲ್ಲಿ ಮಲಗಿದ ಎಮ್ಮೆಯಂತೆ ಕೋಣೆಯ ನಡುವೆ ಇತ್ತು. ಮೇಜಿನ ಹಿಂದೆ ಇಬ್ಬರು ಪರೀಕ್ಷಕರು. ಹಣೆಯ ಮೇಲೆ ಕನ್ನಡಕ ಏರಿಸಿಕೊಂಡ ಹಿರಿಯರೊಬ್ಬರು, ಪೆನ್ಸಿಲು ಹಿಡಿದ ಹೆಂಗಸೊಬ್ಬರು. ಅತ್ತೆ ಸ್ಟೂಲಿನ ಮೇಲೆ ಕೂತು ಪುಸ್ತಕಕ್ಕೆ ಕ್ಲಿಪ್ಪು ಸಿಕ್ಕಿಸಿದಳು. ಆಮೇಲೆ ಬಟನ್ನಿಗಾಗಿ ಕಣ್ಣಾಡಿಸಿದಳು. ಎದುರಿಗೆ ಬರೀ ನುಣ್ಣನೆಯ ಕಪ್ಪು ಹಲಗೆ. ಬಲಕ್ಕಿಲ್ಲ, ಎಡಕ್ಕಿಲ್ಲ. ಮನೆಗಳ ಅಡಿಯಲ್ಲಿ ಕೈಯಾಡಿಸಿದಳು. ಬಗ್ಗಿ ಕಾಲಿನ ಹತ್ತಿರವೂ ನೋಡಿದಳು.

"ಏನಮ್ಮಾ ಹುಡುಕ್ತಿದ್ದೀರಿ?" ಎಂದರು ಹಿರಿಯರು.

"ಶ್ರುತಿ ಇಳಿಸೋದು, ಸ್ವಾಮಿ…"

"ಏನಂದ್ರಿ?"

ಅತ್ತೆ ನೆಟ್ಟಗೆ ಕೂತು ಹಲಗೆಯ ಮೇಲೆ ಕೈಯಿಟ್ಟಳು. ಈ ಮರದ ಪೆಟ್ಟಿಗೆಯೊಳಗೆ ತಂತಿಗಳಿವೆ, ತಂತಿ ಬಿಗಿದಲ್ಲೇ ಬಿಗಿದಿರುತ್ತದೆ, ಅದನ್ನು ಯಾವ ಬಟನ್ನೂ ಇಳಿಸಲಾರದು ಎಂಬುದು ಅವಳಿಗೆ ಆ ಕ್ಷಣದಲ್ಲಿ, ಯಾರೂ ಹೇಳದೆಯೇ ಹೊಳೆಯಿತು. ಆ್ಯಪಿನ ಕಿವಿ ಕೆಟ್ಟಿರಲಿಲ್ಲ. ಅದು ಕೆಂಪು ತೋರಿಸಿ ಬಡಕೊಳ್ಳುತ್ತಿದ್ದಾಗ ಅದರ ಬಾಯಿ ಮುಚ್ಚಿಸಿದವಳು ತಾನೇ.

"ಶುರು ಮಾಡಿ. ಹೊರಗೆ ಇನ್ನೂ ಜನ ಕಾಯ್ತಿದ್ದಾರೆ," ಎಂದರು ಪೆನ್ಸಿಲಿನವರು.

ಬೇರೆ ಮನೆಗಳನ್ನು ಹಿಡಿದು ಕೆಳಗಿನ ಶ್ರುತಿಯಲ್ಲಿ ನುಡಿಸಲು ಬಲ್ಲವರು ಇದ್ದಾರು. ಬೀದಿ ಕೊನೆಯ ಮೇಷ್ಟ್ರು ನಗುನಗುತ್ತ ಮಾಡಿಬಿಡುತ್ತಿದ್ದರೋ ಏನೋ. ಅತ್ತೆಯ ಬೆರಳಿಗೆ ಗೊತ್ತಿದ್ದದ್ದು ಒಂದೇ ದಾರಿ. ಹುಡುಗಿ ಏನೂ ಅರಿಯದೆ, ಕೈಕಟ್ಟಿ, ಇವಳನ್ನೇ ನಂಬಿ ನಿಂತಿದ್ದಳು. ಅತ್ತೆ ಶುರು ಮಾಡಿದಳು.

ಮೊದಲ ಸ್ವರ ಹೊರಟದ್ದೇ ತಡ ಹುಡುಗಿಯ ತಲೆ ಗಕ್ಕನೆ ಇತ್ತ ತಿರುಗಿತು. ಅತ್ತೆ ತಲೆಯೆತ್ತಲಿಲ್ಲ. ಎತ್ತಿದ್ದರೆ ಕೈ ನಿಂತುಹೋಗುತ್ತಿತ್ತು. ಹುಡುಗಿ ಸಿಕ್ಕಿದ ಶ್ರುತಿಯನ್ನೇ ಹಿಡಿದು ಹಾಡತೊಡಗಿದಳು. ದನಿ ಹಗ್ಗದಂತೆ ಬಿಗಿದುಕೊಂಡಿತ್ತು. ಮೊದಲರ್ಧ ಸಮನೆಲವಾದದ್ದರಿಂದ ಹೇಗೋ ಸಾಗುತ್ತಿತ್ತು. ಆದರೆ ಅದು ಮುಗಿದು ಏರು ಬಂದೇ ಬರುತ್ತದಲ್ಲ! ಏರಿನ ತುದಿಯಲ್ಲಿ ಏನಾಗುತ್ತದೆಂದು ಇಬ್ಬರಿಗೂ ಗೊತ್ತಿತ್ತು. ಒಂದೊಂದು ಸಾಲು ಮುಗಿದಾಗಲೂ ಅತ್ತೆಗೆ ಕಡಿದಾದ ಜಾಗಕ್ಕೆ ತಾನೇ ಮಗುವನ್ನು ದೂಡಿಕೊಂಡು ಹೋಗುತ್ತಿರುವ ಹಾಗೆ ಅನಿಸುತ್ತಿತ್ತು. ನಿಧಾನ ಮಾಡೋಣವೆಂದರೆ ಬೆರಳುಗಳು ಕಲಿತ ವೇಗದಲ್ಲೇ ಓಡಿದವು. ಅಷ್ಟು ದಿನ ಕೈಕೊಡುತ್ತಿದ್ದ ಎಡಗೈ ಕೂಡ ಇವತ್ತು ಒಂದು ತಪ್ಪೂ ಮಾಡಲಿಲ್ಲ. ಮಾಡಿದ್ದರೆ ಚೆನ್ನಾಗಿತ್ತು.

ಹುಡುಗಿಯ ಸಾಲು ಮುಗಿಯಿತು. ಪಿಯಾನೋ ಒಂದೇ ನುಡಿಯಬೇಕಾದ ತುಂಡು ಬಂತು. ಮನೆಯಲ್ಲಿ ಅತ್ತಿಗೆ ಒಗ್ಗರಣೆ ಬಿಟ್ಟು ಬಂದು ಕೇಳುತ್ತಿದ್ದ ತುಂಡು ಅದು. ಅತ್ತೆಗೆ ಅದರ ಮೇಲೆ ಎಲ್ಲಿಲ್ಲದ ಜಂಬ. ಇಲ್ಲಿ ಹುಡುಗಿ ಉಸಿರು ಸುಧಾರಿಸಿಕೊಳ್ಳುತ್ತಾಳೆ, ಕಿವಿ ತುಂಬ ಪಿಯಾನೋದ ಶ್ರುತಿ ತುಂಬಿಕೊಳ್ಳುತ್ತಾಳೆ, ಅದನ್ನೇ ಹಿಡಿದು ಏರುತ್ತಾಳೆ. ಏರಿದರೆ ದನಿ ಹರಿದುಹೋಗುತ್ತದೆ.

ಅತ್ತೆ ಎರಡೂ ಕೈಗಳನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಕೋಣೆ ಒಮ್ಮೆಲೇ ನಿಶ್ಶಬ್ದವಾಯಿತು. ಹೊರಗೆ ಪಡಸಾಲೆಯಲ್ಲಿ ಬೆಂಚು ಕಿರ್ರೆಂದದ್ದು ಕೇಳಿಸಿತು. ಪೆನ್ಸಿಲಿನವರು ಮುಖವೆತ್ತಿದರು. ಹಿರಿಯರು ಹಣೆಯ ಮೇಲಿನ ಕನ್ನಡಕವನ್ನು ಮೂಗಿಗೆ ಇಳಿಸಿದರು.

"ಯಾಕಮ್ಮಾ, ಮರೆತುಹೋಯಿತೇ?"

ಅತ್ತೆ ಹುಡುಗಿಯ ಕಣ್ಣಲ್ಲಿ ಕಣ್ಣಿಟ್ಟಳು. ಮಾತಾಡಿದರೆ ಆ ಮಾತಿನ ದನಿಯೂ ಶ್ರುತಿಯ ದಾರಿಗೆ ಅಡ್ಡ ಬಂದೀತು ಎಂಬ ಭಯ ಅವಳಿಗೆ. ಹಾಡಮ್ಮಾ, ನಮ್ಮ ಮನೆಯ ಶ್ರುತಿಯಲ್ಲಿ ಹಾಡು, ಎಂದು ಒಳಗೊಳಗೇ ಗೋಗರೆದಳು. ಹುಡುಗಿ ಅತ್ತೆಯ ಮಡಿಲಲ್ಲಿದ್ದ ಕೈಗಳನ್ನು ನೋಡಿದಳು. ಮೊದಲು ಅವಳ ಮುಖದಲ್ಲಿ ಸಿಟ್ಟು ಕಾಣಿಸಿತು, ನಡುನೀರಲ್ಲಿ ಕೈಬಿಟ್ಟವರ ಮೇಲೆ ಬರುವಂಥ ಸಿಟ್ಟು. ಪೆನ್ಸಿಲು ಮೇಜಿನ ಮೇಲೆ ಟಕ್ ಟಕ್ ಎಂದಿತು. ಇನ್ನೇನು, ಸಾಕು ಹೋಗಿ ಎಂದುಬಿಡುತ್ತಾರೆ.

ಹುಡುಗಿ ಕಣ್ಣು ಮುಚ್ಚಿಕೊಂಡಳು. ಬಾಗಿಲಿಗೆ ಒರಗಿ ನಿಂತಾಗಿನ ಹಾಗೆ ಒಂದು ಭುಜ ಸ್ವಲ್ಪ ವಾಲಿತು. ಆಮೇಲೆ ಹಾಡಿದಳು. ಕೆಳಗಿನಿಂದ, ಮನೆಯ ಶ್ರುತಿಯಿಂದ.

ಏರು ಬಂತು. ದನಿ ಒಂದೊಂದೇ ಮೆಟ್ಟಿಲು ಹತ್ತಿತು, ತುದಿಯಲ್ಲಿ ನಿಂತಿತು, ಕೆಳಗಿಳಿದು ಬಂತು. ಅತ್ತೆಯ ಬೆರಳುಗಳು ಮಡಿಲಲ್ಲೇ ತುಡಿಯುತ್ತಿದ್ದವು. ಒಂದು ಕೈಯಿಂದ ಇನ್ನೊಂದನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಈಗ ಒಂದೇ ಒಂದು ಮನೆ ಒತ್ತಿದರೂ ಎಲ್ಲ ಕೆಟ್ಟುಹೋಗುತ್ತಿತ್ತು.

ಹಾಡು ಮುಗಿಯಿತು.

"ಹಾಡಿನ ಮಧ್ಯ ಶ್ರುತಿ ಬದಲಾಯಿಸೋ ಹಾಗಿಲ್ಲ. ಗೊತ್ತಿದೆಯಲ್ಲ?" ಎಂದರು ಪೆನ್ಸಿಲಿನವರು.

"ಗೊತ್ತು," ಎಂದಳು ಹುಡುಗಿ, ಕೇಳಿಸದಷ್ಟು ಮೆಲ್ಲಗೆ.

ಅತ್ತೆ ಎದ್ದು ನಿಂತಳು. ಸ್ಟೂಲು ಹಿಂದಕ್ಕೆ ಬಿತ್ತು. "ಅವಳು ಬದಲಾಯಿಸಿದ್ದಲ್ಲ ತಾಯಿ. ಮೊದಲು ಹಾಡಿದ್ದೇ ಅವಳದಲ್ಲ, ನಾನು ಕೊಟ್ಟ ತಪ್ಪು ಶ್ರುತಿ. ನಮ್ಮನೇಲಿರೋದು ಬಟನ್ ಒತ್ತಿದರೆ ಇಳಿಯೋ ಪೆಟ್ಟಿಗೆ. ಇದರಲ್ಲಿ ಅದಿಲ್ಲ ಅಂತ ನನಗೆ ಗೊತ್ತಿರಲಿಲ್ಲ. ನಾನು ಇಸ್ತ್ರಿ ಮಾಡೋಳು, ಫೋನು ನೋಡಿ ಕಲಿತವಳು. ದಡ್ಡತನ ನನ್ನದು, ಅದನ್ನ ಅವಳ ಲೆಕ್ಕಕ್ಕೆ ಹಾಕಬೇಡಿ."

ಹಿರಿಯರು ಅವಳನ್ನು ನೋಡಲೇ ಇಲ್ಲ. ಹುಡುಗಿಯನ್ನು ಕೇಳಿದರು: "ಪಿಯಾನೋ ನಿಂತಾಗ ಆ ಶ್ರುತಿ ಎಲ್ಲಿಂದ ತಂದೆ?"

"ಅತ್ತೆ ದಿನಾ ನುಡಿಸೋದು ಅದರಲ್ಲೇ."

"ಹ್ಞೂಂ. ಹೊರಗೆ ಕೂತಿರಿ."

ಪಡಸಾಲೆಯಲ್ಲಿ ಅತ್ತಿಗೆ ಕಾದು ನಿಂತಿದ್ದಳು. ಮುಖ ಬಿಳಚಿಕೊಂಡಿತ್ತು. "ಮಧ್ಯದಲ್ಲಿ ಪಿಯಾನೋ ನಿಂತಿತಲ್ಲ, ಯಾಕೆ ನಿಂತಿತು? ಏನೇ, ಯಾಕೆ ನಿಲ್ಲಿಸಿದೆ? ಮೇಷ್ಟ್ರನ್ನ ಕೇಳೋಣ ಅಂತ ಬಡಕೊಂಡೆ. ಮಗುವನ್ನ ಒಂಟಿಯಾಗಿ ಬಿಟ್ಟುಬಿಟ್ಟೆಯಲ್ಲೇ…"

"ಅಮ್ಮ, ಸುಮ್ನಿರು," ಎಂದಳು ಹುಡುಗಿ.

"ಸುಮ್ನಿರಲ್ಲ. ಇವಳ ಬಾಯಲ್ಲೇ ಕೇಳಬೇಕು ನನಗೆ."

ಅತ್ತೆ ಹೇಳಬಹುದಿತ್ತು. ಹೇಳಿದರೆ ಬಟನ್ನಿನ ಕಥೆಯೆಲ್ಲ ಹೇಳಬೇಕು, ಹೇಳಿದರೂ ಅಪರಾಧ ಕಡಿಮೆಯಾಗುವುದಿಲ್ಲ. "ತಪ್ಪಾಯ್ತು ಅತ್ತಿಗೆ," ಎಂದಷ್ಟೇ ಅಂದು ಬೆಂಚಿನ ತುದಿಯಲ್ಲಿ ಕೂತಳು. ಅತ್ತಿಗೆ ಮುಖ ತಿರುಗಿಸಿಕೊಂಡು ನಿಂತಳು. ಇನ್ನೊಬ್ಬರು ಒಳಗೆ ಹೋದರು, ಹಾಡಿದರು, ಹೊರಬಂದು ಮೆಟ್ಟಿಲಿಳಿದರು. ಮತ್ತೊಬ್ಬರು ಹೋದರು. ಹುಡುಗಿ ಉಗುರು ಕಚ್ಚುತ್ತಿದ್ದಳು. ಎಂದೂ ಬಿಡದ ಅತ್ತಿಗೆ ಇವತ್ತು ಅದಕ್ಕೂ ಗದರಲಿಲ್ಲ.

ಬಾಗಿಲು ತೆರೆಯಿತು. ಗುಮಾಸ್ತ ಬೆಂಚಿನುದ್ದಕ್ಕೂ ಕಣ್ಣಾಡಿಸಿ, "ಆಗಲೇ ಪಿಯಾನೋ ನಿಂತುಹೋಯಿತಲ್ಲ, ಆ ಹುಡುಗಿ. ಒಳಗೆ ಬಾಮ್ಮ," ಎಂದ.

ಹುಡುಗಿ ಎದ್ದಳು. ಅಭ್ಯಾಸಬಲದಿಂದ ಅತ್ತೆಯೂ ಪುಸ್ತಕ ಹಿಡಿದು ಎದ್ದಳು.

"ನೀವು ಬೇಡ. ಹುಡುಗಿ ಮಾತ್ರ."

ಬಾಗಿಲು ಮುಚ್ಚಿಕೊಂಡಿತು. ಅತ್ತೆ ಪುಸ್ತಕ ಹಿಡಿದುಕೊಂಡು ನಿಂತೇ ಇದ್ದಳು. ಸಂತೋಷಕ್ಕೋ, ಆ 'ಬೇಡ' ತಾಗಿದ್ದಕ್ಕೋ, ಕಾಲು ನಡುಗುತ್ತಿತ್ತು. ಅತ್ತಿಗೆ ಮುಚ್ಚಿದ ಬಾಗಿಲನ್ನು ನೋಡಿದಳು, ಆಮೇಲೆ ನಾದಿನಿಯನ್ನು. ಅವಳ ಬಾಯಲ್ಲಿ ಇನ್ನೂ ಅರ್ಧ ಬೈಗುಳ ಉಳಿದಿತ್ತು.

"ಕೂತ್ಕೋ ಮೊದಲು, ಬಿದ್ದುಗಿದ್ದೀಯ," ಎಂದು ತೋಳು ಹಿಡಿದು ಕೂರಿಸಿದಳು. "ಬೈಯೋದು ಇನ್ನೂ ಇದೆ."

ಹಿಡಿದ ತೋಳನ್ನು ಮಾತ್ರ ಬಿಡಲಿಲ್ಲ. ಒಳಗೆ ಹುಡುಗಿ ಹಾಡತೊಡಗಿದ್ದಳು.